ಮೂಳೆಗಾಗಿ ಹುಟ್ಟಿದ ಕಣ್ಣು

ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ‘ಮೈಕ್ರೋಗ್ರಾಫಿಯಾ’ದಲ್ಲಿ ಕಾರ್ಕಿನ ತೆಳುವಾದ ಸೀಳೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ ವಿವರವಿದೆ. ಜೀವಕೋಶದ ಕಥೆ ಹೇಳುವಾಗ ಶಾಲೆಯ ಪಾಠಗಳು ಶುರುವಾಗುವುದೇ ಅಲ್ಲಿಂದ. ಆ ವಿವರದಲ್ಲೇ ಹುಕ್ ಒಂದು ಲೆಕ್ಕವನ್ನೂ ಹಾಕಿದ್ದಾರೆ, ಅದು ಪಾಠಗಳಲ್ಲಿ ಬರುವುದಿಲ್ಲ. ಅಂಗುಲದ ಹದಿನೆಂಟನೇ ಒಂದು ಭಾಗದಷ್ಟು ಉದ್ದಕ್ಕೆ ಸಾಲಾಗಿ 60 ಗೂಡುಗಳು ಸಿಕ್ಕಿದವು. ಹಾಗಾದರೆ ಒಂದು ಅಂಗುಲಕ್ಕೆ 1080, ಚದರ ಅಂಗುಲಕ್ಕೆ 11 ಲಕ್ಷ 66 ಸಾವಿರದ 400, ಘನ ಅಂಗುಲಕ್ಕೆ 125 ಕೋಟಿ 97 ಲಕ್ಷ 12 ಸಾವಿರ ಗೂಡುಗಳು. ಅವರು ಕಣ್ಣಾರೆ ಎಣಿಸಿದ್ದು ಕೆಲವು ಗೆರೆಗಳನ್ನು ಮಾತ್ರ, ಒಂದೊಂದರಲ್ಲೂ ಸುಮಾರು ಅರವತ್ತು. ಉಳಿದ ನೂರಕ್ಕೂ ಹೆಚ್ಚು ಕೋಟಿ ಬಂದದ್ದು, ಗೂಡುಗಳು ಎಲ್ಲ ದಿಕ್ಕಿಗೂ ಒಂದೇ ಅಳತೆಯವು ಎಂಬ ಊಹೆಯಿಂದ. ಕಾರ್ಕನ್ನು ಬೇರೆ ದಿಕ್ಕಿನಿಂದ ಸೀಳಿದರೆ ಗೂಡಿನ ಆಕಾರ ಬೇರೆಯಾಗಿ ಕಾಣುತ್ತದೆ ಎನ್ನುವುದು ಹುಕ್ ಅವರಿಗೂ ಗೊತ್ತಿತ್ತು. ಆದರೂ ಗುಣಿಸದೆ ಬೇರೆ ದಾರಿ ಇರಲಿಲ್ಲ. ರಂಧ್ರಗಳಿರುವ ವಸ್ತುವನ್ನು ಅಳೆಯುವ ಕಸುಬಿನ ಮುಂದಿನ ಮೂರು ಶತಮಾನಗಳು ಈ ಗುಣಾಕಾರದ ನೆರಳಲ್ಲೇ ಸಾಗಿದವು.

ಆ ಕಸುಬು ವೈದ್ಯಕೀಯಕ್ಕೆ ತುರ್ತಾಗಿ ಬೇಕಾದದ್ದು ಇಪ್ಪತ್ತನೇ ಶತಮಾನದ ಕೊನೆಯ ಭಾಗದಲ್ಲಿ. ಸುಟ್ಟ ಚರ್ಮ, ಮುರಿದು ಕಳೆದುಹೋದ ಮೂಳೆ, ಸವೆದ ಮೃದ್ವಸ್ಥಿ ಇವುಗಳ ಜಾಗದಲ್ಲಿ ರಂಧ್ರಮಯವಾದ ಒಂದು ಆಧಾರವನ್ನು ಇಟ್ಟರೆ, ಕಟ್ಟಡ ಏಳುವ ತನಕ ನಿಲ್ಲಿಸುವ ಸಾರುವೆಯ ಹಾಗೆ, ಜೀವಕೋಶಗಳು ಅದನ್ನು ಹಿಡಿದು ಹೊಸ ಅಂಗಾಂಶ ಕಟ್ಟುತ್ತವೆ, ಆಧಾರ ತಾನಾಗಿ ಕರಗಿಹೋಗುತ್ತದೆ ಎಂಬುದು ಅಂಗಾಂಶ ಎಂಜಿನಿಯರಿಂಗಿನ ಮೂಲ ಆಲೋಚನೆ. ಈ ಆಧಾರವನ್ನೇ ಸ್ಕ್ಯಾಫೋಲ್ಡ್ ಎನ್ನುತ್ತಾರೆ. ಬೋಸ್ಟನ್ನಿನಲ್ಲಿ ಎಂ.ಐ.ಟಿ.ಯ ಅಯೊನಿಸ್ ಯಾನಸ್ ಮತ್ತು ಶಸ್ತ್ರವೈದ್ಯ ಜಾನ್ ಬರ್ಕ್ ದನದ ಕೊಲಾಜೆನ್ ಮತ್ತು ಶಾರ್ಕ್ ಮೃದ್ವಸ್ಥಿಯಿಂದ ತೆಗೆದ ಸಕ್ಕರೆಸರಪಣಿಯ ಪದಾರ್ಥ ಸೇರಿಸಿ ಮಾಡಿದ ಕೃತಕ ಚರ್ಮವನ್ನು 1981ರಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ಬಳಸಿದ ವರದಿ ಬಂತು. ಅದೇ ಮುಂದೆ ಇಂಟೆಗ್ರಾ ಎಂಬ ಹೆಸರಿನಲ್ಲಿ 1996ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಒಪ್ಪಿಗೆ ಪಡೆಯಿತು. ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ 1993ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನ ಈ ಕ್ಷೇತ್ರವನ್ನು ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಪರಿಚಯಿಸಿತು. ಅಂದಿನಿಂದ ಪ್ರತಿ ಪ್ರಯೋಗಾಲಯದ ಮುಂದೆ ನಿಂತ ಪ್ರಶ್ನೆ ಒಂದೇ: ನಾವು ಮಾಡಿದ ಈ ವಸ್ತುವಿನ ಒಳಗೆ ಏನಿದೆ? ಈ ಪ್ರಶ್ನೆಗೆ ಇವತ್ತು ಉತ್ತರ ಕೊಡುವ ಮುಖ್ಯ ಯಂತ್ರ, ಎಕ್ಸ್-ರೇಯಿಂದ ವಸ್ತುವಿನ ಒಳಗನ್ನು ಮೂರು ಆಯಾಮದಲ್ಲಿ ಕಾಣಿಸುವ ಮೈಕ್ರೋ ಸಿ.ಟಿ. ಅದರ ಇತಿಹಾಸವನ್ನು ನೋಡಿದರೆ ಒಂದು ಮಾತು ನನಗೆ ಸ್ಪಷ್ಟವಾಗುತ್ತದೆ. ಆ ಯಂತ್ರ ಸ್ಕ್ಯಾಫೋಲ್ಡ್‌ಗಾಗಿ ಹುಟ್ಟಿದ್ದಲ್ಲ, ಮೂಳೆಗಾಗಿ ಬೆಳೆದದ್ದು. ಮೂಳೆಯನ್ನು ಹೋಲುವುದನ್ನು ಅದು ಚೆನ್ನಾಗಿ ಕಾಣುತ್ತದೆ, ಹೋಲದೆ ಇರುವುದನ್ನು ಕಾಣಲು ಕಷ್ಟಪಡುತ್ತದೆ. ಹಾಗಿದ್ದೂ ಎರಡಕ್ಕೂ ಒಂದೇ ಬಗೆಯ, ಒಂದೇ ಗತ್ತಿನ ಅಂಕಿಗಳನ್ನು ಕೊಡುತ್ತದೆ.

ಯಂತ್ರಕ್ಕಿಂತ ಮೊದಲು ಇದ್ದ ಉಪಾಯಗಳು ಕಡಿಮೆ ಬುದ್ಧಿವಂತಿಕೆಯವಾಗಿರಲಿಲ್ಲ. ಫ್ರಾನ್ಸಿನ ಭೂವಿಜ್ಞಾನಿ ಡೆಲೆಸ್ 1847ರಲ್ಲಿ ತೋರಿಸಿದ ದಾರಿ ಈಗಲೂ ಬಳಕೆಯಲ್ಲಿದೆ. ಬಂಡೆಯೊಂದನ್ನು ಕೊಯ್ದು ನಯ ಮಾಡಿ, ಅದರ ಮೇಲೆ ಎಣ್ಣೆಕಾಗದ ಇಟ್ಟು ಒಂದೊಂದು ಖನಿಜದ ಗೆರೆಯನ್ನೂ ತಿದ್ದಿ, ಆ ಕಾಗದವನ್ನು ತವರದ ತೆಳು ಹಾಳೆಗೆ ಅಂಟಿಸಿ, ಖನಿಜವಾರು ಕತ್ತರಿಸಿ, ತುಂಡುಗಳನ್ನು ತಕ್ಕಡಿಯಲ್ಲಿ ತೂಗುವುದು. ಕೊಯ್ದ ಮುಖದಲ್ಲಿ ಒಂದು ಖನಿಜ ಎಷ್ಟು ಪಾಲು ಜಾಗ ಹಿಡಿದಿದೆಯೋ, ಬಂಡೆಯ ಒಟ್ಟು ಗಾತ್ರದಲ್ಲೂ ಅಷ್ಟೇ ಪಾಲು ಅದರದು. ಕೊಯ್ತ ಯಾದೃಚ್ಛಿಕವಾಗಿದ್ದರೆ ಸಾಕು, ಖನಿಜದ ಆಕಾರದ ಬಗ್ಗೆ ಏನನ್ನೂ ಊಹಿಸಬೇಕಿಲ್ಲ. ಹುಕ್ ಅವರ ಗುಣಾಕಾರಕ್ಕೆ ಹೋಲಿಸಿದರೆ ಇದು ದೊಡ್ಡ ಜಿಗಿತ. ಈ ತತ್ತ್ವವನ್ನು ಬೆಳೆಸಿದವರು 1961ರಲ್ಲಿ ತಮ್ಮದೇ ಅಂತರರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಮೂಳೆಯ ರೋಗಶಾಸ್ತ್ರ ಅವರಿಂದ ಬಹಳ ಕಲಿಯಿತು. ಆದರೆ ಡೆಲೆಸ್ ತತ್ತ್ವ ಹೇಳುವುದು ‘ಎಷ್ಟು’ ಎಂಬುದನ್ನು ಮಾತ್ರ. ಒಂದು ರಂಧ್ರ ಪಕ್ಕದ ರಂಧ್ರಕ್ಕೆ ತೆರೆದುಕೊಂಡಿದೆಯೇ, ಮುಚ್ಚಿಕೊಂಡಿದೆಯೇ ಎಂಬುದನ್ನು ಯಾವ ಒಂದೇ ಕೊಯ್ತವೂ ಹೇಳಲಾರದು. ಸ್ಕ್ಯಾಫೋಲ್ಡ್‌ಗೆ ಜೀವನ್ಮರಣದ ಪ್ರಶ್ನೆ ಅದೇ. ರಕ್ತನಾಳದಿಂದ ನೂರು ಇನ್ನೂರು ಮೈಕ್ರಾನ್ ದೂರಕ್ಕಿಂತ ಆಚೆ ಇರುವ ಜೀವಕೋಶಕ್ಕೆ ಸಾಕಷ್ಟು ಆಮ್ಲಜನಕ ಮುಟ್ಟುವುದಿಲ್ಲ. ದಾರಿಯಿಲ್ಲದ ರಂಧ್ರ ಎಷ್ಟು ದೊಡ್ಡದಾಗಿದ್ದರೂ ಜೀವಕೋಶಕ್ಕೆ ಅದು ಇಲ್ಲದ ಹಾಗೆಯೇ.

ತೊಂಬತ್ತರ ದಶಕದ ಪ್ರಯೋಗಾಲಯಗಳು ಈ ಪ್ರಶ್ನೆಯನ್ನು ಎರಡು ಸಾಧನಗಳಿಂದ ಎದುರಿಸಿದವು. ಒಂದು ಪಾದರಸ. ಪಾದರಸ ತಾನಾಗಿ ರಂಧ್ರದೊಳಗೆ ಇಳಿಯುವುದಿಲ್ಲ, ಒತ್ತಬೇಕು. ರಂಧ್ರ ಕಿರಿದಾದಷ್ಟೂ ಒತ್ತಡ ಹೆಚ್ಚು ಬೇಕು ಎಂಬ ಸಮೀಕರಣವನ್ನು ವಾಶ್‌ಬರ್ನ್ 1921ರಲ್ಲಿ ಕೊಟ್ಟರು. 100 ಮೈಕ್ರಾನಿನ ಬಾಯಿಗೆ ವಾಯುಮಂಡಲದ ಒತ್ತಡದ ಏಳನೇ ಒಂದು ಪಾಲು ಸಾಕು, 1 ಮೈಕ್ರಾನಿಗೆ ಸುಮಾರು 15 ಪಟ್ಟು ವಾಯುಮಂಡಲದ ಒತ್ತಡ ಬೇಕು. ಕಲ್ಲಿದ್ದಲು, ಸಿಮೆಂಟು, ವೇಗವರ್ಧಕಗಳಿಗೆ ಇದು ಹೊಂದುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಖಾಲಿಯಿರುವ ಮೆದು ಪಾಲಿಮರಿಗೆ ಆ ಒತ್ತಡ ಕೊಟ್ಟರೆ ಗೋಡೆಗಳೇ ಕುಸಿಯುತ್ತವೆ, ಆಮೇಲೆ ಅಳೆದದ್ದು ಕುಸಿದ ವಸ್ತುವನ್ನು. ಜೊತೆಗೆ ಪಾದರಸ ಅಳೆಯುವುದು ರಂಧ್ರದ ಹೊಟ್ಟೆಯನ್ನಲ್ಲ, ಕತ್ತನ್ನು: ಕಿರಿದಾದ ಕತ್ತಿನ ಹಿಂದೆ ದೊಡ್ಡ ಕೋಣೆ ಇದ್ದರೆ ಇಡೀ ಕೋಣೆ ಕತ್ತಿನ ಅಳತೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಮುಚ್ಚಿದ ರಂಧ್ರಗಳಂತೂ ಲೆಕ್ಕಕ್ಕೇ ಬರುವುದಿಲ್ಲ. ಎರಡನೆಯದು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. 1965ರಲ್ಲಿ ಕೇಂಬ್ರಿಜ್ಜಿನ ಸ್ಟೀರಿಯೋಸ್ಕ್ಯಾನ್ ಮಾರುಕಟ್ಟೆಗೆ ಬಂದ ಮೇಲೆ ಇದರ ಚಿತ್ರವಿಲ್ಲದ ವಸ್ತುವಿಜ್ಞಾನದ ಪ್ರಬಂಧವೇ ಅಪರೂಪವಾಯಿತು. ಚಿತ್ರಗಳು ನಿಜಕ್ಕೂ ಸುಂದರ, ಆಳವಿದ್ದಂತೆ ಕಾಣುತ್ತವೆ. ಆದರೆ ಆ ಆಳ ಮೇಲ್ಮೈಯದು. ಮಾದರಿಯನ್ನು ಒಣಗಿಸಬೇಕು, ಕೊಯ್ಯಬೇಕು, ಲೋಹದ ಲೇಪ ಹಾಕಬೇಕು, ನಿರ್ವಾತದಲ್ಲಿ ಇಡಬೇಕು. ಕೊಯ್ಯುವ ಅಲಗು ಮೆದು ಗೋಡೆಯನ್ನು ಮಡಚುತ್ತದೆ. ಪ್ರಬಂಧಕ್ಕೆ ಆರಿಸಿಕೊಳ್ಳುವುದು ಚೆನ್ನಾಗಿ ಬಂದ ಜಾಗವನ್ನೇ.

ಸಾಧನ ಹೀಗಿದ್ದುದರಿಂದ ಜ್ಞಾನವೂ ಹಾಗೇ ರೂಪುಗೊಂಡಿತು. ಮೂಳೆ ಬೆಳೆಯಲು ರಂಧ್ರ ಕನಿಷ್ಠ 100 ಮೈಕ್ರಾನ್ ಇರಬೇಕು ಎಂಬ ಮಾತನ್ನು ಈ ಕ್ಷೇತ್ರದ ಪ್ರತಿ ವಿದ್ಯಾರ್ಥಿಯೂ ಕೇಳಿರುತ್ತಾನೆ. ಅದರ ಬೇರು ಹುಲ್ಬರ್ಟ್ ಮತ್ತು ಸಂಗಡಿಗರು 1970ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದೆ. ಕ್ಯಾಲ್ಸಿಯಂ ಅಲ್ಯುಮಿನೇಟಿನ ಬಿಲ್ಲೆಗಳನ್ನು ನಾಯಿಗಳ ತೊಡೆಮೂಳೆಯಲ್ಲಿ ಇಟ್ಟರು. 100 ಮೈಕ್ರಾನಿಗಿಂತ ದೊಡ್ಡ ರಂಧ್ರಗಳಲ್ಲಿ ಮೂಳೆ ಬೆಳೆಯಿತು, 75ರಿಂದ 100ರ ನಡುವಿನವುಗಳಲ್ಲಿ ಖನಿಜ ಕೂರದ ಎಳೆ ಮೂಳೆ ಬಂತು, ಅದಕ್ಕೂ ಕಿರಿದಾದವುಗಳಲ್ಲಿ ನಾರು ಅಂಗಾಂಶ ಮಾತ್ರ. ಪ್ರಯೋಗ ಶ್ರದ್ಧೆಯದು, ಫಲಿತಾಂಶ ನಿಜ. ಆದರೆ ಇಂಥ ಬಿಲ್ಲೆಗಳಲ್ಲಿ ರಂಧ್ರ ಕಿರಿದಾದಾಗ ರಂಧ್ರಗಳ ನಡುವಿನ ಬಾಯಿಯೂ ಕಿರಿದಾಗುತ್ತದೆ. ಮೂಳೆಯನ್ನು ತಡೆದದ್ದು ಕೋಣೆಯೋ ಬಾಗಿಲೋ? ಫಿನ್ಲೆಂಡಿನ ಇಟಾಲ ಮತ್ತು ಸಂಗಡಿಗರು 2001ರಲ್ಲಿ ಟೈಟೇನಿಯಂ ತಗಡಿಗೆ ಲೇಸರಿನಿಂದ 50, 75, 100, 125 ಮೈಕ್ರಾನಿನ ನೇರ ತೂತು ಕೊರೆದು ಮೊಲಗಳಲ್ಲಿ ಇಟ್ಟಾಗ 50 ಮೈಕ್ರಾನಿನ ತೂತಿನಲ್ಲೂ ಮೂಳೆ ಬೆಳೆಯಿತು. ನೇರ ತೂತಿಗೆ ಕತ್ತೂ ಹೊಟ್ಟೆಯೂ ಒಂದೇ, ದಾರಿ ತಪ್ಪುವ ಮಾತೇ ಇಲ್ಲ. ಎರಡೂ ಪ್ರಯೋಗಗಳಲ್ಲಿ ವಸ್ತು ಬೇರೆ, ಪ್ರಾಣಿ ಬೇರೆ, ಹಾಗಾಗಿ ಎರಡನೆಯದು ಮೊದಲನೆಯದನ್ನು ಸುಳ್ಳು ಮಾಡಿತು ಎನ್ನಲಾಗದು. ಆದರೂ ಮೂವತ್ತು ವರ್ಷ ಒಂದು ಅಂಕಿ ನಿಯಮದ ಹಾಗೆ ನಡೆಯಲು, ಬಾಗಿಲನ್ನು ಕೋಣೆಯಿಂದ ಬೇರ್ಪಡಿಸಿ ನೋಡುವ ಕಣ್ಣು ಇಲ್ಲದಿದ್ದುದೂ ಒಂದು ಕಾರಣ ಎಂಬುದು ನನ್ನ ಅಭಿಪ್ರಾಯ.

ಆ ಕಣ್ಣು ಬೇರೆಲ್ಲೋ ತಯಾರಾಗುತ್ತಿತ್ತು. ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರ ಲಂಡನ್ನಿನ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮಿದುಳನ್ನು ನೋಡಿದ್ದು 1971ರ ಅಕ್ಟೋಬರಿನಲ್ಲಿ. ಹನ್ನೊಂದು ವರ್ಷದ ಬಳಿಕ ಅದೇ ಊರಿನಲ್ಲಿ ಎಲಿಯಟ್ ಮತ್ತು ಡೋವರ್ ಸಿಹಿನೀರಿನ ಬಸವನಹುಳುವಿನ ಚಿಪ್ಪೊಂದನ್ನು ಸುಮಾರು 15 ಮೈಕ್ರಾನಿನ ಸೂಕ್ಷ್ಮತೆಯಲ್ಲಿ ಒಡೆಯದೆ ಒಳಗಿನಿಂದ ನೋಡಿದರು. ಎಲಿಯಟ್ ಹಲ್ಲಿನ ಎನಾಮೆಲ್ ಮತ್ತು ಅಪಟೈಟ್ ಖನಿಜದ ಅಧ್ಯಯನಕಾರರು, ಅಂದರೆ ಸುಣ್ಣದಂಶದ ಗಟ್ಟಿ ವಸ್ತುಗಳ ಜನ. ಅತ್ತ ಅಮೆರಿಕದ ಡಿಯರ್‌ಬಾರ್ನಿನ ಫೋರ್ಡ್ ಮೋಟರ್ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಲೀ ಫೆಲ್ಡ್‌ಕ್ಯಾಂಪ್ ಪಿಂಗಾಣಿ ಭಾಗಗಳ ಒಳಬಿರುಕನ್ನು ಪತ್ತೆಹಚ್ಚಲು ಎಕ್ಸ್-ರೇ ಬಳಸುತ್ತಿದ್ದರು. ಶಂಕುವಿನಂತೆ ಹರಡುವ ಎಕ್ಸ್-ರೇಯಿಂದ ಇಡೀ ಘನವನ್ನು ಒಂದೇ ಸಲಕ್ಕೆ ಮರುಕಟ್ಟುವ ಗಣಿತವನ್ನು ಅವರು, ಡೇವಿಸ್ ಮತ್ತು ಕ್ರೆಸ್ ಸೇರಿ 1984ರಲ್ಲಿ ಕೊಟ್ಟರು. ಇವತ್ತಿನ ಮೇಜಿನ ಮೇಲಿನ ಮೈಕ್ರೋ ಸಿ.ಟಿ. ಯಂತ್ರಗಳು ಬಹುಮಟ್ಟಿಗೆ ಅದೇ ಗಣಿತದ ಮೇಲೆ ನಡೆಯುತ್ತವೆ. ಡೆಟ್ರಾಯಿಟಿನ ಹೆನ್ರಿ ಫೋರ್ಡ್ ಆಸ್ಪತ್ರೆಯ ಮೂಳೆತಜ್ಞರು ಫೆಲ್ಡ್‌ಕ್ಯಾಂಪ್ ಅವರೊಡನೆ ಸೇರಿ 1989ರಲ್ಲಿ ಮನುಷ್ಯರ ಮೂಳೆಯ ಒಳಜಾಲವನ್ನು ಮೂರು ಆಯಾಮದಲ್ಲಿ ಅಳೆದ ಪ್ರಬಂಧ ಪ್ರಕಟಿಸಿದರು. ಜ್ಯೂರಿಕ್ ನಗರದಲ್ಲಿ ಇದಕ್ಕೆ ಹಳೆಯ ನೆಲೆ ಇತ್ತು: ಅಲ್ಲಿನ ಎಂಜಿನಿಯರ್ ಕಾರ್ಲ್ ಕುಲ್ಮನ್ 1860ರ ದಶಕದಲ್ಲಿ ಅಂಗರಚನಾತಜ್ಞ ಹರ್ಮನ್ ಫಾನ್ ಮೆಯರ್ ಬಿಡಿಸಿದ ತೊಡೆಮೂಳೆಯ ಎಳೆಗಳಲ್ಲಿ ಕ್ರೇನಿನ ಒತ್ತಡರೇಖೆಗಳನ್ನು ಗುರುತಿಸಿದ್ದರು. ಅದೇ ನಗರದ ಇ.ಟಿ.ಎಚ್.ನಲ್ಲಿ ಪೀಟರ್ ರ್‍ಯೂಗ್ಸೆಗರ್ ಗುಂಪು 1996ರಲ್ಲಿ ಮೂಳೆಗೆಂದೇ ಮೇಜಿನ ಯಂತ್ರದ ವಿವರ ಕೊಟ್ಟಿತು. ಮರುವರ್ಷ ಹಿಲ್ಡೆಬ್ರಾಂಟ್ ಜೊತೆ ಸೇರಿ, ಪ್ರತಿ ಬಿಂದುವಿನಲ್ಲೂ ಹಿಡಿಸುವ ಅತಿ ದೊಡ್ಡ ಗೋಲವನ್ನು ಹುಡುಕಿ ಅದರ ವ್ಯಾಸವನ್ನೇ ದಪ್ಪ ಎಂದು ತೆಗೆದುಕೊಳ್ಳುವ ವಿಧಾನವನ್ನು ರ್‍ಯೂಗ್ಸೆಗರ್ ಪ್ರಕಟಿಸಿದರು.

ಸ್ಕ್ಯಾಫೋಲ್ಡ್ ಮಾಡುವವರು ಈ ಸಿದ್ಧ ಯಂತ್ರದ ಬಾಗಿಲು ತಟ್ಟಿದ್ದು ಹೊಸ ಶತಮಾನದ ಆರಂಭದಲ್ಲಿ. ಅಟ್ಲಾಂಟಾದ ಜಾರ್ಜಿಯಾ ಟೆಕ್‌ನವರ ಅಧ್ಯಯನ 2003ರದು, ಮೇಯೋ ಕ್ಲಿನಿಕ್‌ನ ಗುಂಪಿನದು 2004ರದು. ಇವುಗಳಲ್ಲಿ ಮೇಯೋದವರ ಉಪಾಯ ಹತ್ತಿರದಿಂದ ನೋಡುವಂಥದ್ದು. ಸ್ಕ್ಯಾನ್ ಮಾಡಿದ ಸ್ಕ್ಯಾಫೋಲ್ಡ್‌ನ ಹೊರಗಿನಿಂದ ಒಂದು ಕಾಲ್ಪನಿಕ ಗೋಲವನ್ನು ಕಂಪ್ಯೂಟರಿನಲ್ಲಿ ಒಳಗೆ ಬಿಡುತ್ತಾರೆ. ಗೋಲ ಚಿಕ್ಕದಿದ್ದರೆ ಬಹುಪಾಲು ರಂಧ್ರಗಳನ್ನು ತಲುಪುತ್ತದೆ. ಗೋಲವನ್ನು ಹಿಗ್ಗಿಸುತ್ತ ಹೋದಂತೆ ಕಿರಿದಾದ ಕತ್ತುಗಳಲ್ಲಿ ತಡೆಯುತ್ತದೆ, ತಲುಪುವ ಪಾಲು ಇಳಿಯುತ್ತದೆ. ಯಾವ ಅಳತೆಗೆ ಎಷ್ಟು ಪಾಲು ಎಂಬುದೇ ಆ ಸ್ಕ್ಯಾಫೋಲ್ಡ್‌ನ ನಿಜವಾದ ಗುರುತು. ಉಪ್ಪಿನ ಹರಳುಗಳನ್ನು ಪಾಲಿಮರಿನಲ್ಲಿ ಬೆರೆಸಿ ನೀರಿನಲ್ಲಿ ಕರಗಿಸಿ ತೆಗೆಯುವ ವಿಧಾನ ತೊಂಬತ್ತರ ದಶಕದಿಂದ ಬಳಕೆಯಲ್ಲಿದ್ದದ್ದೇ. ಉಪ್ಪಿನ ಪಾಲು ಕಡಿಮೆಯಾದರೆ ಹರಳುಗಳು ಒಂದನ್ನೊಂದು ಮುಟ್ಟದೆ ಒಳಗೇ ಸಿಕ್ಕಿಕೊಳ್ಳುತ್ತವೆ. ಯಾವ ಪಾಲಿನಲ್ಲಿ ದಾರಿ ತೆರೆಯುತ್ತದೆ, ಎಷ್ಟು ಅಗಲದ ದಾರಿ ಎಂಬುದು ಈಗ ಕಣ್ಣಿಗೆ ಬಿತ್ತು. 2006ರಲ್ಲಿ ಹೋ ಮತ್ತು ಹುಟ್‌ಮಾಕರ್ ಪಾದರಸ, ಅನಿಲ, ಸೂಕ್ಷ್ಮದರ್ಶಕ ಎಲ್ಲವನ್ನೂ ಮೈಕ್ರೋ ಸಿ.ಟಿ.ಯ ಪಕ್ಕ ನಿಲ್ಲಿಸಿ ತೂಗಿದ ಲೇಖನ ಈ ಹೊಸ ಕಣ್ಣಿಗೆ ಕ್ಷೇತ್ರದಲ್ಲಿ ಗಟ್ಟಿ ಸ್ಥಾನ ಕೊಟ್ಟಿತು. ಒಂದು ಸೆಂಟಿಮೀಟರ್ ಬದಿಯ ಘನವನ್ನು 10 ಮೈಕ್ರಾನಿನ ತುಣುಕುಗಳಾಗಿ ನೋಡಿದರೆ 100 ಕೋಟಿ ತುಣುಕುಗಳಾಗುತ್ತವೆ. ಹುಕ್ ಗುಣಿಸಿ ಪಡೆದ ಸಂಖ್ಯೆಗೆ ಸಮೀಪದ ಸಂಖ್ಯೆ ಇದು. ಈಗ ಅಷ್ಟನ್ನೂ ಒಂದೊಂದಾಗಿ ಅಳೆಯಬಹುದು.

ಇಲ್ಲಿಯವರೆಗಿನದು ಗೆಲುವಿನ ಕಥೆ, ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಪ್ರತಿ ತುಣುಕಿನಲ್ಲಿ ಯಂತ್ರ ಅಳೆಯುವುದು ಒಂದು ಬೂದು ಬಣ್ಣದ ಮಟ್ಟವನ್ನಷ್ಟೇ. ಅದು ಗೋಡೆಯೋ ಖಾಲಿಯೋ ಎಂಬುದನ್ನು ತೀರ್ಮಾನಿಸುವುದು ಮನುಷ್ಯ ಅಥವಾ ಮನುಷ್ಯ ಆರಿಸಿದ ಸೂತ್ರ. ಮೂಳೆಯಲ್ಲಿ ಈ ತೀರ್ಮಾನ ಸುಲಭ. ಎಕ್ಸ್-ರೇ ಹೀರಿಕೆ ಪರಮಾಣು ಸಂಖ್ಯೆಯ ಸುಮಾರು ಮೂರನೇ ಘಾತದಂತೆ ಏರುತ್ತದೆ. ಮೂಳೆಯಲ್ಲಿ ಕ್ಯಾಲ್ಸಿಯಂ 20, ರಂಜಕ 15. ಮಜ್ಜೆಯ ಪಕ್ಕದಲ್ಲಿ ಮೂಳೆ ಬೆಳ್ಳಗೆ ಎದ್ದು ನಿಲ್ಲುತ್ತದೆ. ಪಾಲಿಮರ್ ಮತ್ತು ಕೊಲಾಜೆನ್‌ಗಳು ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕಗಳಿಂದಾದವು, ಆಮ್ಲಜನಕದ ಸಂಖ್ಯೆಯೇ ಎಂಟು. ಒಣಗಿದ್ದಾಗ ಗಾಳಿಯ ಎದುರು ಹೇಗೋ ಕಾಣುತ್ತವೆ, ನೀರಿನಲ್ಲಿ ನೆನೆದರೆ ಹೆಚ್ಚುಕಡಿಮೆ ಮಾಯವಾಗುತ್ತವೆ. ದೇಹದೊಳಗೆ ಇರುವುದು ನೆನೆದ ಸ್ಥಿತಿಯಲ್ಲೇ. ಇನ್ನು ಗೋಡೆಯ ದಪ್ಪ. 30 ಮೈಕ್ರಾನಿನ ಗೋಡೆಯನ್ನು 10 ಮೈಕ್ರಾನಿನ ತುಣುಕಿನಲ್ಲಿ ನೋಡುವಾಗ ಬೂದು ಬಣ್ಣದ ಗಡಿಯನ್ನು ಎರಡೂ ಬದಿಗೆ ಅರ್ಧರ್ಧ ತುಣುಕಿನಷ್ಟು ಸರಿಸಿದರೆ ಗೋಡೆ 40 ಮೈಕ್ರಾನ್ ಆಗುತ್ತದೆ. ಹಾಳೆಯಂಥ ಗೋಡೆಗಳ, ನೂರಕ್ಕೆ 90 ಪಾಲು ಖಾಲಿಯಿರುವ ಸ್ಕ್ಯಾಫೋಲ್ಡ್ ಆಗ 87 ಪಾಲು ಖಾಲಿಯಂತೆ ತೋರುತ್ತದೆ. ಮೂರೇ ಅಂಶದ ವ್ಯತ್ಯಾಸ ಎನ್ನಬಹುದು. ಆದರೆ ಇಂಥ ತೆರೆದ ರಂಧ್ರಮಯ ವಸ್ತುಗಳ ಬಿಗಿತ ಘನಭಾಗದ ವರ್ಗದಂತೆ ಏರುತ್ತದೆ ಎಂಬ ಗಿಬ್ಸನ್ ಮತ್ತು ಆಶ್‌ಬಿ ಸೂತ್ರಕ್ಕೆ ಅದೇ ಅಂಕಿಯನ್ನು ಹಾಕಿದರೆ ಬಿಗಿತದ ಅಂದಾಜು ಮುಕ್ಕಾಲು ಪಾಲಿಗೂ ಹೆಚ್ಚು ಏರುತ್ತದೆ. ಇಷ್ಟಕ್ಕೂ ತಂತ್ರಾಂಶದ ಪಟ್ಟಿಯಲ್ಲಿ ಆ ಗೋಡೆಗೆ ಬರುವ ಹೆಸರು ಮೂಳೆಯ ಎಳೆಯ ದಪ್ಪ ಎಂದೇ, ಪಾಲಿಮರಿನ ಪಾಲಿಗೆ ಬರುವ ಹೆಸರು ಮೂಳೆಯ ಗಾತ್ರ ಎಂದೇ. 1987ರಲ್ಲಿ ಮೂಳೆತಜ್ಞರು ತಮ್ಮ ಅಗತ್ಯಕ್ಕೆ ಒಪ್ಪಿಕೊಂಡ ಪಾರಿಭಾಷಿಕ ಪದಗಳು ಅವು. ಮೂಳೆಯ ಎಳೆಯ ಬಗ್ಗೆ ಯಾವ ಪ್ರಶ್ನೆಗಳನ್ನು ಕೇಳಿದ್ದರೋ ಅವನ್ನೇ ಮೆದು ಸ್ಕ್ಯಾಫೋಲ್ಡ್‌ಗೂ ಕೇಳುವ ರೂಢಿ ಆ ಪದಗಳೊಂದಿಗೆ ಬಂತು.

ಈ ವಾದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಗೋಲ ಹಿಡಿಸುವ ಜ್ಯೂರಿಕ್ ವಿಧಾನ ಆಕಾರದ ಬಗ್ಗೆ ಯಾವ ಊಹೆಯನ್ನೂ ಮಾಡುವುದಿಲ್ಲ, ಹಾಗಿರುವಾಗ ಅದು ಮೂಳೆಯ ಪಕ್ಷಪಾತಿ ಹೇಗಾದೀತು ಎನ್ನುವವರಿದ್ದಾರೆ. ಆಕಾರದ ಮಟ್ಟಿಗೆ ಅವರ ಮಾತು ಸರಿ, ಮೂಳೆಯ ಎಳೆಗಳನ್ನು ಸಮಾನಾಂತರ ಫಲಕಗಳೆಂದು ಭಾವಿಸುವ ಹಳೆಯ ಊಹೆಯಿಂದ ಈ ವಿಧಾನ ನಮ್ಮನ್ನು ಬಿಡಿಸಿತು. ಆದರೆ ಗೋಲವನ್ನು ಹಿಡಿಸುವುದು ಗಡಿ ಎಳೆದಾದ ಮೇಲೆ. ಗಡಿ ತಪ್ಪಿದ್ದರೆ ಗೋಲ ಆ ತಪ್ಪನ್ನು ಬಲು ನಿಖರವಾಗಿ ಅಳೆಯುತ್ತದೆ. ಗಡಿಯನ್ನು ಮನುಷ್ಯ ಎಳೆಯದೆ 1979ರಲ್ಲಿ ಒಟ್ಸು ಕೊಟ್ಟಂಥ ಸೂತ್ರಕ್ಕೆ ಬಿಟ್ಟರಾಯಿತು ಎಂಬ ಸಲಹೆಯೂ ಇದೆ. ಆ ಸೂತ್ರ ಎರಡು ಬಣ್ಣಗುಂಪುಗಳು ಬೇರೆಬೇರೆಯಾಗಿ ನಿಂತಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ನೆನೆದ ಕೊಲಾಜೆನ್‌ನಲ್ಲಿ ಗುಂಪುಗಳು ಒಂದರ ಮೇಲೊಂದು ಬೀಳುತ್ತವೆ, ಘನಭಾಗ ಹತ್ತಕ್ಕೆ ಒಂದು ಪಾಲೂ ಇಲ್ಲದಿದ್ದರೆ ಗಡಿ ದೊಡ್ಡ ಗುಂಪಿನತ್ತ ವಾಲುತ್ತದೆ. ಸೂತ್ರ ಒಬ್ಬರಿಂದೊಬ್ಬರಿಗೆ ಬದಲಾಗದು ಎಂಬುದು ಒಳ್ಳೆಯದೇ, ಆದರೆ ಎಲ್ಲರೂ ಒಂದೇ ಬಗೆಯಲ್ಲಿ ತಪ್ಪಿದರೆ ತಪ್ಪು ಕಾಣಿಸುವುದೇ ಇಲ್ಲ.

ಹೆಚ್ಚು ತೂಕದ ಆಕ್ಷೇಪ ಜೀವವಿಜ್ಞಾನಿಗಳದು. ರಂಧ್ರದ ಅಳತೆಯನ್ನು ಎಷ್ಟು ನುಣುಪಾಗಿ ಹೇಳಿದರೂ ತೀರ್ಪು ಕೊಡುವುದು ಜೀವಕೋಶ, ಚಿತ್ರದ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ ಎಂದು ಅವರು ಕೇಳುತ್ತಾರೆ. ಕೊಲಾಜೆನ್ ಸ್ಕ್ಯಾಫೋಲ್ಡ್‌ನ ಇತಿಹಾಸವೇ ಇದಕ್ಕೆ ಉತ್ತರ ಕೊಡುತ್ತದೆ. ಯಾನಸ್ ಗುಂಪು 1989ರಲ್ಲಿ ಚರ್ಮ ಮರಳಿ ಬೆಳೆಯಲು ರಂಧ್ರ ಸುಮಾರು 20ರಿಂದ 120 ಮೈಕ್ರಾನಿನ ನಡುವೆ ಇರಬೇಕು ಎಂದಿತು. ಫರ್ಗಲ್ ಓಬ್ರಯನ್ ಅದೇ ಬೋಸ್ಟನ್ ಪರಂಪರೆಯಲ್ಲಿ ಗಿಬ್ಸನ್, ಯಾನಸ್ ಜೊತೆ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಂಧ್ರಗಳು ಸುಮಾರು 96ರಿಂದ 151 ಮೈಕ್ರಾನಿನ ವರೆಗೆ ಇದ್ದವು. ರಂಧ್ರ ಕಿರಿದಾದಷ್ಟೂ ಹೆಚ್ಚು ಜೀವಕೋಶಗಳು ಅಂಟಿದವು, ಒಳಮೇಲ್ಮೈ ಹೆಚ್ಚಾದದ್ದೇ ಕಾರಣ ಎಂದು ತೋರಿತು. ಡಬ್ಲಿನ್ನಿನಲ್ಲಿ ಅವರದೇ ಗುಂಪು 2010ರಲ್ಲಿ ವ್ಯಾಪ್ತಿಯನ್ನು 85ರಿಂದ 325 ಮೈಕ್ರಾನಿಗೆ ಹಿಗ್ಗಿಸಿದಾಗ ಅತಿ ಹೆಚ್ಚು ಜೀವಕೋಶಗಳು ಸಿಕ್ಕಿದ್ದು 325ರಲ್ಲಿ. ಮೇಲ್ಮೈಯ ಲಾಭವನ್ನು ಒಳಗೆ ಸಲೀಸಾಗಿ ಹೋಗುವ ದಾರಿಯ ಲಾಭ ಮೀರಿಸಿತ್ತು. ಜೀವಕೋಶ ತೀರ್ಪು ಕೊಟ್ಟದ್ದು ನಿಜ, ಆದರೆ ಯಾವ ಪ್ರಶ್ನೆಗೆ ತೀರ್ಪು ಎಂಬುದನ್ನು ಹೇಳಿದ್ದು ಅಳತೆ. ಈ ಪರಂಪರೆಯಲ್ಲಿ ರಂಧ್ರವನ್ನು ಅಳೆಯಲು ನೆಚ್ಚಿಕೊಂಡದ್ದು ರಾಳದಲ್ಲಿ ಹುದುಗಿಸಿ ಕೊಯ್ದ ಪದರದ ಮೇಲೆ ಗೆರೆ ಎಳೆದು ಎಣಿಸುವ ಹಳೆಯ ಕ್ರಮವನ್ನು. ಮೆದು ವಸ್ತುವಿಗೆ ಆ ಹಳೆಯ ಕ್ರಮ ಹೆಚ್ಚು ನಂಬಿಕೆಗೆ ಅರ್ಹ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಮೆದು ವಸ್ತುವನ್ನು ನೋಡಲೆಂದೇ ಬಂದ ದಾರಿಗಳೂ ಇವೆ. ಅಯೋಡಿನ್, ಆಸ್ಮಿಯಂನಂಥ ಭಾರದ ಧಾತುಗಳಲ್ಲಿ ನೆನೆಸಿ ಮೆದು ಭಾಗಕ್ಕೆ ಹೀರಿಕೆ ತುಂಬಬಹುದು, ಆದರೆ ಆ ನೆನೆಯುವಿಕೆಯಲ್ಲೇ ವಸ್ತು ಕುಗ್ಗಬಹುದು. ಫ್ರಾನ್ಸಿನ ಗ್ರೆನೋಬಲ್ ಸಿಂಕ್ರೋಟ್ರಾನ್‌ನಲ್ಲಿ ತೊಂಬತ್ತರ ದಶಕದ ನಡುವಿನಿಂದ ಬೆಳೆದ ಫೇಸ್ ಕಾಂಟ್ರಾಸ್ಟ್ ವಿಧಾನ ಹೀರಿಕೆಯನ್ನು ಬಿಟ್ಟು ಅಲೆಯ ಬಾಗುವಿಕೆಯನ್ನು ನೋಡುತ್ತದೆ, ನೀರಿನೊಳಗಿನ ಪಾಲಿಮರ್ ಗೋಡೆಯೂ ಅದಕ್ಕೆ ಕಾಣುತ್ತದೆ. ನಮ್ಮಲ್ಲೂ ಇಂದೋರಿನ ಇಂಡಸ್-2 ಸಿಂಕ್ರೋಟ್ರಾನ್‌ನಲ್ಲಿ ಇಮೇಜಿಂಗ್‌ಗೆ ಮೀಸಲಾದ ಬೀಮ್‌ಲೈನ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲೂ ಸ್ಕ್ಯಾಫೋಲ್ಡ್ ಸಂಶೋಧನೆ ನಡೆಯುತ್ತಿರುವುದರಿಂದ ಈ ಚರ್ಚೆ ದೂರದ ದೇಶದ್ದಾಗಿ ಉಳಿದಿಲ್ಲ. ಇಲಿಗಳ ಮೂಳೆಯನ್ನು ಮೈಕ್ರೋ ಸಿ.ಟಿ.ಯಲ್ಲಿ ಅಳೆಯುವವರು 2010ರಲ್ಲಿ ಮಾರ್ಗಸೂಚಿಯೊಂದನ್ನು ಒಪ್ಪಿಕೊಂಡರು: ತುಣುಕಿನ ಅಳತೆ ಎಷ್ಟು, ಎಕ್ಸ್-ರೇ ವೋಲ್ಟೇಜ್ ಎಷ್ಟು, ಗಡಿಯನ್ನು ಹೇಗೆ ಎಳೆದಿರಿ ಎಂಬುದನ್ನು ಪ್ರತಿ ಪ್ರಬಂಧವೂ ಹೇಳಬೇಕು. ಮೂಳೆಯಂಥ ಸುಲಭದ ವಸ್ತುವಿಗೇ ಇಷ್ಟು ಬೇಕಾಯಿತು. ಮೆದು ಸ್ಕ್ಯಾಫೋಲ್ಡ್‌ನ ಪ್ರಬಂಧದಲ್ಲಿ ಇವುಗಳ ಜೊತೆಗೆ ಇನ್ನೂ ಎರಡು ವಿವರ ಇರಬೇಕು ಎಂಬುದು ನನ್ನ ವಾದ: ಮಾದರಿ ಒಣಗಿತ್ತೋ ನೆನೆದಿತ್ತೋ ಎಂಬುದು, ಗಡಿಯನ್ನು ಆಚೀಚೆ ಒಂದು ಹೆಜ್ಜೆ ಸರಿಸಿದರೆ ಪ್ರತಿ ಅಂಕಿಯೂ ಎಷ್ಟು ಬದಲಾಗುತ್ತದೆ ಎಂಬುದು. ಎರಡನೆಯದನ್ನು ಹೇಳಲು ಹೊಸ ಯಂತ್ರ ಬೇಡ, ಹೊಸ ಸ್ಕ್ಯಾನ್ ಕೂಡ ಬೇಡ. ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ಚಿತ್ರದ ಮೇಲೆ ಅದೇ ಲೆಕ್ಕವನ್ನು ಮತ್ತೆರಡು ಸಲ ನಡೆಸಿದರೆ ಆ ಅಂಕಿ ಸಿಗುತ್ತದೆ.